ಬಾಗಿಲ ಬಳಿಯ ತಂಬಿಗೆ

ಆ ಮನೆಯ ಹೊಸ್ತಿಲ ಪಕ್ಕದಲ್ಲಿ ಒಂದು ತಾಮ್ರದ ತಂಬಿಗೆ ಸದಾ ತುಂಬಿಕೊಂಡು ಕೂತಿರುತ್ತಿತ್ತು. ಪರದೇಶದ ಆ ಪುಟ್ಟ ಊರಿಗೆ ಭಾಷೆ ಕಲಿಯಲೆಂದು ಹೋದ ಮೊದಲ ಸಂಜೆ ಅದನ್ನು ಕಂಡು ಎಷ್ಟು ಹಿಗ್ಗಿದೆನೆಂದರೆ, ಹಿಂದುಮುಂದು ನೋಡದೆ ಎತ್ತಿ ಕಾಲಿನ ಮೇಲೆ ಸುರಿದುಕೊಂಡೆ. ಬಂದವರಿಗೆ ಕಾಲಿಗೆ ನೀರು ಕೊಡುವ ಪದ್ಧತಿ ಇಲ್ಲೂ ಇದೆಯಲ್ಲ, ಇನ್ನೇನು ಚಿಂತೆ ಎಂದುಕೊಂಡೆ. ಒಳಗಿನಿಂದ ಬಂದ ಮನೆಯೊಡತಿ ಮೆಲಿಹಾ ಎದೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಆಮೇಲೆ ತಂಬಿಗೆ ಕಸಿದುಕೊಂಡು ಏನೇನೋ ಬೈದರು. ಕಲಿತು ಬಂದಿದ್ದ ನಾಲ್ಕು ಮಾತಿನಲ್ಲಿ ನನಗೆ ತಿಳಿದದ್ದು, ಅದನ್ನು ಮುಟ್ಟಬಾರದು ಎಂಬುದಷ್ಟೇ.

ಮೊದಲ ತುತ್ತಿನಲ್ಲೇ ಕಲ್ಲು ಸಿಕ್ಕಂತಾಯಿತು. ಚಿಕ್ಕಂದಿನಲ್ಲೇ ಅಮ್ಮನನ್ನು ಕಳೆದುಕೊಂಡು ಅವರಿವರ ಮನೆಯಲ್ಲಿ ಬೆಳೆದವಳು ನಾನು. ಯಾರ ಮನೆಗೆ ಹೋದರೂ ಇವರಿಗೆ ನಾನು ಬೇಕಾದವಳೋ ಹೊರೆಯೋ ಎಂದು ಮುಖ ನೋಡಿ ಲೆಕ್ಕ ಹಾಕುವುದು ನನಗೆ ಚಟವಾಗಿಹೋಗಿತ್ತು. ಇಲ್ಲಿ ಅನ್ನ, ಹಾಸಿಗೆ, ಮಾತು ಕಲಿಸುವ ಒಂದು ಬಾಯಿ ಸಿಕ್ಕರೆ ಸಾಕು, ಮತ್ತೇನನ್ನೂ ಬಯಸಬಾರದು ಎಂದು ಆ ಸಂಜೆಯೇ ಮನಸ್ಸು ಗಟ್ಟಿಮಾಡಿಕೊಂಡೆ.

ಮನಸ್ಸು ಹೇಳಿದ ಮಾತು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೆಲಿಹಾ ಒಂಟಿ ಹೆಂಗಸು, ಅರವತ್ತು ದಾಟಿದವರು, ಬಾಯಿ ಜೋರು. ಅವರ ಮಾತು ಬರಬರುತ್ತ ನನ್ನ ಕಿವಿಗೆ ನಮ್ಮೂರ ಮಾತಿನಂತೆಯೇ ಕೇಳತೊಡಗಿತು. "ಇನ್ನೊಂದು ರೊಟ್ಟಿ ತಿನ್ನೇ, ಗಾಳಿ ಬಂದ್ರೆ ಹಾರಿಹೋಗ್ತೀಯ," ಎನ್ನುವರು. ಅಲ್ಲಿನ ವಾಡಿಕೆಯಂತೆ ನಾನು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ಒಮ್ಮೆ ಹುರುಳಿಕಾಯಿಯ ನಾರು ತೆಗೆಯುತ್ತ, ಆ ದಿನ ಕಾಲಿಗೆ ನೀರು ಹಾಕಿಕೊಂಡದ್ದು ಏಕೆಂದು ತಿಳಿಸಿ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಂದ್ರೆ ನನ್ನ ಮನೇಲಿ ನಿಂಗೆ ನೀನೇ ಮರ್ಯಾದೆ ಮಾಡ್ಕೊಂಡೆ ಅನ್ನು!"

"ಮತ್ತೆ ಆ ನೀರು ಯಾತಕ್ಕೆ, ದೊಡ್ಡಮ್ಮ?"

ನಗು ನಿಂತಿತು. "ಅದು ಹಾಗೇ ಇರ್ಲಿ," ಎಂದು ಎದ್ದುಹೋದರು.

ಹೊರಡುವ ದಿನ ಹತ್ತಿರ ಬಂದಂತೆ ಅವರ ಮಾತು ಕಡಿಮೆಯಾಯಿತು, ಪಾತ್ರೆಗಳ ಸದ್ದು ಹೆಚ್ಚಾಯಿತು. ನನ್ನ ಹಳೆಯ ಲೆಕ್ಕ ಮತ್ತೆ ಶುರುವಾಯಿತು. ಸಾಕಾಗಿರಬೇಕು, ನೆಂಟರು ಎಷ್ಟು ದಿನ ತಾನೇ ಚೆನ್ನ ಎಂದುಕೊಂಡೆ. ಆ ಬೆಳಗ್ಗೆ ರೊಟ್ಟಿಯ ಗಂಟು ಕೈಗಿಟ್ಟು, "ಹೊರಡು, ಬಸ್ಸು ನಿನಗೋಸ್ಕರ ಕಾಯಲ್ಲ," ಎಂದರು. ಮೆಟ್ಟಿಲಿಳಿದು ಬೀದಿಗೆ ಕಾಲಿಟ್ಟೆನೋ ಇಲ್ಲವೋ, ಹಿಂದೆ ದಬಕ್ಕನೆ ಸದ್ದಾಯಿತು. ತಿರುಗಿದರೆ ಇಡೀ ತಂಬಿಗೆಯ ನೀರು ನಾನು ನಡೆದ ಜಾಗದಲ್ಲಿ ಹರಿಯುತ್ತಿತ್ತು. ನನ್ನ ಸೀರೆಯ ಅಂಚೂ ನೆನೆದಿತ್ತು.

ನಮ್ಮಲ್ಲಿ ಯಾರಾದರೂ ಪ್ರಯಾಣ ಹೊರಟರೆ ಬೆನ್ನಹಿಂದೆಯೇ ಕಸ ಕೂಡ ಗುಡಿಸುವುದಿಲ್ಲ. ಹೋದವರ ಹಿಂದೆ ನೀರು ಸುರಿದು ತೊಳೆಯುವುದು ಮನೆಯಿಂದ ಹೆಣ ಎತ್ತಿದಾಗ ಮಾತ್ರ. ನನ್ನ ಅಮ್ಮ ಹೋದ ದಿನ ಹಾಗೆ ತೊಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ತೊಲಗಿತು ಪೀಡೆ ಎಂದು ಇವರು ನನ್ನನ್ನೂ ತೊಳೆದುಬಿಟ್ಟರಲ್ಲ ಎಂದುಕೊಂಡೆ. ಪೆಟ್ಟಿಗೆ ಎತ್ತಿಕೊಂಡು ನಡೆದೆ.

ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಂಗಸು ಕೋಳಿಬುಟ್ಟಿಯನ್ನು ಮಡಿಲಿಗೆಳೆದುಕೊಂಡು ನನ್ನ ಸೀರೆಯ ಅಂಚನ್ನೇ ನೋಡಿದಳು.

"ಯಾರೋ ನಿಮ್ಮನ್ನ ತುಂಬಾ ಹಚ್ಕೊಂಡಿದಾರೆ," ಎಂದು ನಕ್ಕಳು.

"ಹಚ್ಚಿಕೊಂಡವರು ನೀರು ಸುರೀತಾರಾ?"

"ಮತ್ತೆ? ನೀರಿನ ಹಾಗೆ ಸಲೀಸಾಗಿ ಹೋಗಿ, ನೀರಿನ ಹಾಗೇ ತಿರುಗಿ ಬರಲಿ ಅಂತ ಹಾಕೋದು. ಮನೆ ಮಕ್ಕಳಿಗೆ ಬಿಟ್ಟು ಬೇರೆ ಯಾರಿಗೆ ಹಾಕ್ತಾರೆ?"

ಪೆಟ್ಟಿಗೆ ಸಮೇತ ಹೇಗೆ ಇಳಿದೆನೋ ತಿಳಿಯದು. ಡ್ರೈವರ್ ಬೈದದ್ದು ಕೇಳಿಸಿತು, ಬಸ್ಸು ಹೋದದ್ದೂ ಕೇಳಿಸಿತು. ಓಡಿ ಬಂದಾಗ ದೊಡ್ಡಮ್ಮ ಬರಿದಾದ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಅಳುತ್ತ ಕೂತಿದ್ದರು. ನನ್ನನ್ನು ಕಂಡು ಬಾಯಿ ಬಿಟ್ಟರು.

"ಇದೇನೇ ಇದು! ಹಾಕಿದ ನೀರು ಇನ್ನೂ ಆರಿಲ್ಲ, ಆಗ್ಲೇ ಬಂದ್ಬಿಟ್ಟೆ!"

ನಾನು ಅವರ ಕೊರಳಿಗೆ ಬಿದ್ದು ಅತ್ತೆ. ಅವರು ಅಳುತ್ತಲೇ ನಕ್ಕರು.

ಮುಂದಿನ ಬಸ್ಸು ಮಾರನೆಯ ದಿನವೇ. ಆ ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿ ಇಬ್ಬರೂ ತಿಂದೆವು. ತಿನ್ನುತ್ತ ಅವರಾಗಿಯೇ ಹೇಳಿದರು: "ನಮ್ಮನೆಯವರು ಜಗಳ ಆಡ್ಕೊಂಡು ಹೋದ್ರು. ನಂಗೂ ಸಿಟ್ಟು. ನೀರು ಹಾಕ್ಲಿಲ್ಲ. ಅವರು ಬರ್ಲೇ ಇಲ್ಲ. ಆವತ್ತಿಂದ ತುಂಬಿಸಿ ಇಡ್ತಾ ಬಂದೆ. ಹಾಕೋದಕ್ಕೆ ಮಾತ್ರ ಯಾರೂ ಇರ್ಲಿಲ್ಲ, ನೀನು ಬರೋವರೆಗೂ."

ಮಾರನೆಯ ಬೆಳಗ್ಗೆ ಮತ್ತೆ ಬೀದಿಗಿಳಿದೆ. ಈ ಸಲ ಹಿಂದೆ ನೀರಿನ ಸದ್ದು ಸಣ್ಣದಾಗಿ ಕೇಳಿಸಿತು. ತಿರುಗಿದೆ. ತಂಬಿಗೆಯಲ್ಲಿ ಇನ್ನೂ ಅರ್ಧ ನೀರಿತ್ತು.

"ಇಷ್ಟೇನಾ, ದೊಡ್ಡಮ್ಮ?"

"ಪೂರ್ತಿ ಹಾಕಿದ್ರೆ ಇವತ್ತೂ ಬಸ್ಸು ತಪ್ಪುತ್ತೆ."

"ಮತ್ತೆ ಉಳಿದದ್ದು?"

"ಅದು ನೀನು ಬಂದಾಗ ಕಾಲಿಗೆ."

ಬೀದಿಯ ತಿರುವಿನಲ್ಲಿ ನಿಂತು ಕೊನೆಯ ಸಲ ನೋಡಿದೆ. ಅವರು ತಂಬಿಗೆಯನ್ನು ಹೊಸ್ತಿಲ ಪಕ್ಕಕ್ಕಿಟ್ಟು, ಧೂಳು ಬೀಳದಿರಲೆಂದು ಅದರ ಮೇಲೊಂದು ತಟ್ಟೆ ಮುಚ್ಚುತ್ತಿದ್ದರು.