ನೆಲದಡಿಯ ಮಾವ

"ಮಣ್ಣು ಕೊಡಿ ಅಂತ ಹಲ್ಲು ಗಿಂಜಿದೋರು ನೀವೇ. ಈಗ ವಾಸನೆ ಅಂತ ನನ್ನ ತಲೆ ತಿನ್ನೋರೂ ನೀವೇ. ಬೇವರ್ಸಿಗಳಾ, ಪುಕ್ಕಟೆ ಸಿಕ್ಕಿದ್ದು ಘಮಘಮ ಅನ್ಬೇಕಾ ನಿಮಗೆ?"

ಕಂಟ್ರಾಕ್ಟರ್ ಇದನ್ನು ಹೇಳಿದ್ದು ನಮ್ಮ ಮನೆಯೊಳಗೆ, ಬೂಟುಗಾಲಲ್ಲಿ ನಿಂತು. ತಲೆಯ ಮೇಲಿನ ಹಳದಿ ಟೋಪಿಯಿಂದಾಗಿ ನಮ್ಮ ಬಾಯಲ್ಲಿ ಅವನು ಟೋಪಿ ಸಾಹೇಬ. ನಮಗೂ ಒಂದು ಹಾಕಿದ್ದಾನೆಂದು ತಿಳಿಯುವುದಕ್ಕೆ ಮಳೆಗಾಲ ಬರಬೇಕಾಯಿತು.

ಹಲ್ಲು ಗಿಂಜಿದ್ದು ಸುಳ್ಳಲ್ಲ. ಮುಖ್ಯರಸ್ತೆಯ ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕುಗಳು ತುಕ್ಕು ಹಿಡಿದು ಸೋರಿ, ನಮ್ಮ ಓಣಿಯ ಬಾವಿಯಲ್ಲಿ ಎಣ್ಣೆ ತೇಲಿದಾಗ, ಆ ಮಣ್ಣನ್ನು ಅಗೆದು ಶುದ್ಧ ಮಾಡುವ ಗುತ್ತಿಗೆ, ಬಂಕಿನ ಕೆಲಸಗಳನ್ನೆಲ್ಲ ಮೊದಲಿನಿಂದ ಮಾಡಿಸುತ್ತಿದ್ದ ಇವನಿಗೇ ಸಿಕ್ಕಿತು. ಕೂಲಿ ನನಗೂ ನನ್ನ ಗಂಡನಿಗೂ ಸಿಕ್ಕಿತು. ಅಗೆದ ಮಣ್ಣನ್ನು ಪ್ಲಾಸ್ಟಿಕ್ ಹಾಸಿನ ಮೇಲೆ ಹರಡುವುದು, ಪೆಟ್ರೋಲು ಬಿಸಿಲಿಗೆ ಆರುವ ತನಕ ಸಲಿಕೆಯಿಂದ ಮಗುಚುತ್ತಲೇ ಇರುವುದು. ಬಿಸಿಲಿಗೆ ಆರಿದ್ದೆಷ್ಟೋ, ನಮ್ಮ ಮೂಗಿಗೆ ಹೋದದ್ದೆಷ್ಟೋ. ಆಮೇಲೆ ಅದನ್ನು ದೂರ ಸಾಗಿಸಿ ಸುಡಬೇಕಿತ್ತಂತೆ. ಲಾರಿ ಖರ್ಚು ಯಾರಿಗೆ ಬೇಕು? "ಶುದ್ಧ ಆಗಿದೆ, ಬೇಕಾದೋರು ತಗೊಂಡು ಹೋಗಿ" ಅಂದ. ಮಳೆ ಬಂದರೆ ಮೊಣಕಾಲುದ್ದ ನೀರು ನುಗ್ಗುವ ಮನೆಗಳು ನಮ್ಮವು. ಓಣಿಗೆ ಓಣಿಯೇ ಮುಗಿಬಿದ್ದು ಹೊತ್ತೆವು. ನೆಲ ಎತ್ತರಿಸಿ, ಮೇಲೆ ತೆಳ್ಳಗೆ ಸಿಮೆಂಟು ಬಳಿದು, ದೊಡ್ಡ ಮನುಷ್ಯರಾದ ಹಾಗೆ ಬೀಗಿದೆವು.

ಮೊದಲ ಮಳೆಗೆ ನೀರು ಒಳಗೆ ಬರಲಿಲ್ಲ. ಮಾವ ಬಂದರು.

ಹಾಗೆಂದದ್ದು ನನ್ನ ಅತ್ತೆ. ಮಾವ ಅದೇ ಬಂಕಿನ ಟ್ಯಾಂಕಿಗೆ ಹಗ್ಗ ಕಟ್ಟಿಕೊಂಡು ಇಳಿದು, ತಳದ ಕೆಸರು ಬಳಿಯುತ್ತಿದ್ದವರು. ಒಂದು ದಿನ ಹಗ್ಗ ಎಳೆದರೆ ಹೆಣ ಬಂತು. ಎಷ್ಟು ಸಲ ತೊಳೆದರೂ ಮೈಯಿಂದ ಪೆಟ್ರೋಲು ವಾಸನೆ ಹೋಗಲಿಲ್ಲವಂತೆ. ಈಗ ಅದೇ ವಾಸನೆ ನೆಲದ ಬಿರುಕುಗಳಿಂದ ಮೆಲ್ಲಗೆ ಏಳುತ್ತಿತ್ತು.

"ನಿಮ್ಮ ಮಾವ ಬಂದಿದಾರೆ ಕಣೆ" ಎಂದು ಅತ್ತೆ ಪಿಸುಗುಟ್ಟಿದರು. ಆ ಸುಕ್ಕು ಮುಖದಲ್ಲಿ ಹೊಸದಾಗಿ ಮದುವೆಯಾದವಳ ನಾಚಿಕೆ. ಅಂದಿನಿಂದ ಚಾಪೆಯ ಅರ್ಧ ಖಾಲಿ ಬಿಟ್ಟು ಮಲಗತೊಡಗಿದರು. ನಾನು ಏನೆಂದು ಬೈಯಲಿ? ಆ ಹೆಂಗಸಿಗೆ ಇಷ್ಟು ವರ್ಷದಲ್ಲಿ ಸಿಕ್ಕಿದ ಸುಖ ಅದೊಂದೇ.

ಆದರೆ ಆಮೇಲೆ ಆ ಅರ್ಧದಲ್ಲಿ ನನ್ನ ಮಗುವನ್ನೂ ಮಲಗಿಸತೊಡಗಿದರು.

"ತಾತನ ಪಕ್ಕ ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಾನೆ ನೋಡು."

ನಿಜ, ಬಹಳ ನಿದ್ದೆ ಮಾಡುತ್ತಿದ್ದ. ಮನೆತುಂಬ ಅಂಬೆಗಾಲಿಡುತ್ತಿದ್ದವನು ಹೊತ್ತೇರಿದರೂ ಏಳುತ್ತಿರಲಿಲ್ಲ. ಎಬ್ಬಿಸಿದರೆ ಕುಡಿದ ಹಾಲನ್ನೆಲ್ಲ ಕಾರಿಕೊಂಡು, ನನ್ನನ್ನು ದಾಟಿ ಬೇರೆ ಯಾರನ್ನೋ ನೋಡುತ್ತಿದ್ದ. ಮೊಣಕಾಲಿನ ಚರ್ಮ ಸುಲಿದು ಕೆಂಪಗಾಗಿತ್ತು. ನೆಲ ಅಗೆದು ಹಾಕೋಣ ಎಂದರೆ ಅತ್ತೆ ಚಾಪೆ ಬಿಟ್ಟು ಏಳಲಿಲ್ಲ. "ಮೊದಲು ನನ್ನ ಮೇಲೆ ಹಾಕು ಹಾರೆನ" ಎಂದರು. ಇದು ವಿಷ ಎಂದು ಟೋಪಿ ಸಾಹೇಬನೇ ಹೇಳಿದರೆ ಒಪ್ಪಿಯಾರು ಎಂದುಕೊಂಡು ನಾನೇ ಅವನ ಕೈಕಾಲು ಹಿಡಿದು ಕರೆತಂದಿದ್ದೆ.

ಅವನ ಕೈಯಲ್ಲಿ ಪೆಟ್ರೋಲಿನ ಆವಿ ಅಳೆಯುವ ಮೀಟರು. ಬಿರುಕಿನ ಹತ್ತಿರ ಹಿಡಿದದ್ದೇ ತಡ, ಕೀ ಕೀ ಎಂದು ಕಿರುಚಿತು. ಅವನು ತಟ್ಟನೆ ಆರಿಸಿ ಜೇಬಿಗಿಳಿಸಿದ.

"ಬ್ಯಾಟರಿ ಹೋಗಿದೆ. ಇಲ್ಲೇನೂ ಇಲ್ಲ."

"ಇದೆ ಸಾಹೇಬ್ರೇ" ಎಂದರು ಅತ್ತೆ, ಮಗುವಿನ ಬೆನ್ನು ಸವರುತ್ತ. "ನಮ್ಮನೆಯವರು ಬಂದಿದಾರೆ."

ಅವನಿಗೆ ನಗು ತಡೆಯಲಾಗಲಿಲ್ಲ. "ಯಾರು, ಆ ಟ್ಯಾಂಕಿಗೆ ಬಿದ್ದೋನಾ? ಕುಡಿದು ಬಿದ್ದ ನನ್ಮಗ. ಬದುಕಿದ್ದಾಗಲೂ ನಾರ್ತಿದ್ದ, ಸತ್ತ ಮೇಲೂ ನಾರ್ತಿದಾನೆ. ದೆವ್ವ ಬಿಡಿಸೋರನ್ನ ಕರ್ಸು ಮುದುಕಿ, ನನ್ನ ಯಾಕೆ ಕರೀತೀರಿ?"

ನನ್ನ ಗಂಡ ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದ. ಸತ್ತವರು ಅವನ ಅಪ್ಪ. ಕೂಲಿ ಹೋದೀತೆಂಬ ಹೆದರಿಕೆಗೆ ಅವನ ಬಾಯಿ ಕಟ್ಟಿಹೋಗಿತ್ತು.

ಬೂಟಿನ ಸದ್ದು ಓಣಿ ದಾಟಿತು. ಆಮೇಲೆ "ಅವರು ಒಂದು ತೊಟ್ಟೂ ಮುಟ್ಟಿದೋರಲ್ಲ" ಎಂದರು ಅತ್ತೆ. ಮಗುವನ್ನು ನನ್ನ ಕೈಗೆ ಕೊಟ್ಟು, ಚಾಪೆ ಸುತ್ತಿಟ್ಟು, ಮೂಲೆಯ ಹಾರೆ ಎತ್ತಿಕೊಂಡರು. ಏಟು ಹಾಕುವ ಮುಂಚೆ ಬಗ್ಗಿ, ಮಲಗಿದವರನ್ನು ಎಬ್ಬಿಸುವ ಹಾಗೆ ನೆಲವನ್ನು ಮೆಲ್ಲಗೆ ತಟ್ಟಿದರು.

"ಏಳಿ. ನೀವಿದ್ರೆ ಮಗುಗೆ ಆಗ್ತಿಲ್ಲ. ನಾವಿಬ್ಬರೂ ಹೋಗೋಣ ಬನ್ನಿ. ನಿಮ್ಮ ಮೇಲೆ ಮಾತು ಬಂದಿದೆ."

ಸಿಮೆಂಟು ಒಡೆದಾಗ ಎದ್ದ ಘಾಟಿಗೆ ನನಗೆ ತಲೆ ಸುತ್ತಿತು. ಅತ್ತೆ ಆ ಘಾಟಿನಲ್ಲಿ ಮುಖವಿಟ್ಟು ಅತ್ತರು, ಅಳುತ್ತಲೇ ಅಗೆದರು. ಸದ್ದು ಕೇಳಿ ಬಂದ ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ಪಕ್ಕದ ಮನೆಯಾಕೆ ಮಗುವನ್ನು ಎತ್ತಿಕೊಂಡು ಗಾಳಿಗೆ ಹೋದಳು. ಉಳಿದವರು ತಮ್ಮ ತಮ್ಮ ಮನೆಗೆ ನಡೆದರು.

ಟೋಪಿ ಸಾಹೇಬನ ಆಫೀಸು ಬಂಕಿನ ಹಿಂದೆ, ಕಿಟಕಿ ಮುಚ್ಚಿದ ಎ.ಸಿ. ಕೋಣೆ. ನಾವು ಬಾಗಿಲು ತಳ್ಳಿದಾಗ ಅವನು ಉಣ್ಣುತ್ತಿದ್ದ. ಅತ್ತೆ ತಲೆಯ ಮೇಲಿನ ಮಣ್ಣಿನ ಬುಟ್ಟಿಯನ್ನು ಅವನ ತಟ್ಟೆಯ ಮೇಲೆ ಬೋರಲು ಹಾಕಿದರು.

"ಏಯ್ ಹುಚ್ಚು ಮುಂಡೆ, ಏನೇ ಇದು?"

"ನನ್ನ ಗಂಡ" ಎಂದರು ಅತ್ತೆ. "ಈಗ ಹೇಳು. ಇವರ ಮುಖ ನೋಡಿ ಹೇಳು, ಕುಡಿದು ಬಿದ್ರು ಅಂತ."

ಅವನು ಮೂಗು ಮುಚ್ಚಿಕೊಂಡು ಬಾಗಿಲಿಗೆ ಓಡಿದ. ಬಾಗಿಲಲ್ಲಿ ನನ್ನ ಗಂಡ ಎರಡನೇ ಬುಟ್ಟಿ ಹೊತ್ತು ನಿಂತಿದ್ದ. ಅವನ ಹಿಂದೆ ಓಣಿಯ ಜನ, ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಮನೆಯ ನೆಲ.