ಕೌದಿಯ ಹೊಟ್ಟೆಗೆ ಏನು ತುಂಬಬೇಕು

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಚಿಕ್ಕಮ್ಮ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಳು. "ಅಮ್ಮ ಹೋಗಿಬಿಟ್ರು ಚಿಕ್ಕಮ್ಮ" ಎಂದು ಅಕ್ಕನ ಮಗ ಫೋನಿನಲ್ಲಿ ಹೇಳಿದ. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಾಗೇ ಅವಚಿಕೊಂಡು ಹೊರಟಳು. ಮೈ ನೆಂದದ್ದು ಅಲ್ಲಿ ತಲುಪಿದ ಮೇಲೆಯೇ ತಿಳಿಯಿತು.

ಅಕ್ಕನ ಮಂಚದ ಮೇಲೆ ಅರ್ಧ ಮುಗಿದ ಕೌದಿಯಿತ್ತು. ಮೊಮ್ಮಗಳು ಎರಡು ತಿಂಗಳ ಕೂಸಿನೊಡನೆ ಅದೇ ಮನೆಯಲ್ಲಿದ್ದಳು. ಆ ಕೂಸಿಗೆಂದು ಹೊಲಿಯುತ್ತಿದ್ದದ್ದು. ಚೌಕದ ತುಂಡುಗಳನ್ನು ಸೇರಿಸಿ ಮೇಲ್ಬಟ್ಟೆ ಮುಗಿಸಿದ್ದಳು, ಅಡಿಬಟ್ಟೆ ಕತ್ತರಿಸಿಟ್ಟಿದ್ದಳು. ನಡುವೆ ಹಾಕುವ ಒಳಪದರ ಮಾತ್ರ ಬಾಕಿ. ಐವತ್ತು ವರ್ಷಗಳಿಂದ ಆ ಮನೆತನದ ಒಂದು ಮಗುವೂ ಅಕ್ಕನ ಕೌದಿಯನ್ನು ಒದ್ದೆ ಮಾಡದೆ ಬೆಳೆದದ್ದಿಲ್ಲ.

"ಇದನ್ನ ನಾನು ಮುಗಿಸ್ತೀನಿ" ಎಂದಳು ಚಿಕ್ಕಮ್ಮ. ಅವಳಿಗೆ ಬೇಕಾದದ್ದು ಇಷ್ಟೇ. ಕೌದಿ ಕೂಸಿನ ಕೆಳಗೆ ಬೀಳಬೇಕು, ದಿನಾ ನೆನೆಯಬೇಕು, ದಿನಾ ಒಗೆಸಿಕೊಳ್ಳಬೇಕು, ಆದರೂ ಬಾಳಬೇಕು.

ಅಷ್ಟು ಸುಲಭಕ್ಕೆ ಬಿಡುವ ಮನೆಯೇ ಅದು? ಅಕ್ಕನ ಮಗ ಕಚೇರಿಯಲ್ಲಿ ದೊಡ್ಡ ಅಧಿಕಾರಿ. ತಾಯಿ ಬದುಕಿದ್ದಾಗ ಆಕೆಯ ಕೋಣೆಗೆ ಇಣುಕಲು ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ಈಗ ಆಕೆಯ ಹೊಲಿಗೆಯ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿತ್ತು. ಸಮಾಧಾನ ಹೇಳಲು ಬಂದವರಿಗೆಲ್ಲ ಮೇಲ್ಬಟ್ಟೆ ಬಿಡಿಸಿ ತೋರಿಸಿದ. ಕೆಲವರಿಗೆ ಎರಡು ಸಲ.

"ಒಳಗೆ ಉಣ್ಣೇನೇ ಹಾಕಿ ಚಿಕ್ಕಮ್ಮ. ಅಮ್ಮನ ಕೊನೇ ಕೆಲಸ. ಕಮ್ಮಿದು ಬೇಡ."

"ಉಬ್ಬಿಕೊಂಡಿರ್ಬೇಕು ಚಿಕ್ಕತ್ತೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ" ಎಂದಳು ಅವನ ಹೆಂಡತಿ. "ದಪ್ಪ ಪಾಲಿಯೆಸ್ಟರ್ ಸಿಗುತ್ತಲ್ಲ, ಅದು."

"ಒಗೆಯೋರು ಯಾರಮ್ಮ?"

ಗಂಡ ಹೆಂಡತಿ ಇಬ್ಬರೂ ಗೋಡೆ ನೋಡಿದರು. ಬಟ್ಟೆ ತನ್ನಷ್ಟಕ್ಕೆ ತಾನೇ ಒಗೆದುಕೊಳ್ಳುತ್ತದೆ ಎಂಬುದು ಆ ಮನೆಯ ಹಳೆಯ ನಂಬಿಕೆ. ಒಗೆಯುತ್ತಿದ್ದವಳನ್ನು ಮಣ್ಣು ಮಾಡಿ ಇನ್ನೂ ನಾಲ್ಕು ದಿನವಾಗಿರಲಿಲ್ಲ.

ಚಿಕ್ಕಮ್ಮ ಬಟ್ಟೆ ಅಂಗಡಿಗೆ ಹೋಗಿ ನಾಲ್ಕು ಬಗೆಯ ಒಳಪದರ ಕೇಳಿದಳು, ಒಂದೊಂದೂ ಗೇಣಗಲ.

"ಗೇಣುದ್ದಕ್ಕೆ ಏನ್ ಹೊಲಿತೀರಜ್ಜಿ, ಗೊಂಬೆಗಾ?" ಎಂದ ಅಂಗಡಿಯವನು.

"ಪರೀಕ್ಷೆ ಕಣಪ್ಪ. ಪಾಸಾದ್ದು ಮಗು ಹತ್ರ ಹೋಗುತ್ತೆ."

"ಫೇಲಾದ್ದು?"

"ನಿನ್ನ ಮುಖದ ಮೇಲೆ ಬಂದು ಬೀಳುತ್ತೆ."

ನಾಲ್ಕನ್ನೂ ಪುಟ್ಟ ದಿಂಬಿನಂತೆ ಹೊಲಿದು, ಒಂದು ವಾರ ಬಿಸಿನೀರು, ಸಾಬೂನು, ಬಿಸಿಲು ಎಂದು ಗೋಳು ಹೊಯ್ದುಕೊಂಡಳು. ಉಣ್ಣೆ ಅಂಗೈಯಷ್ಟಕ್ಕೆ ಕುಗ್ಗಿ ಚಪ್ಪಲಿಯ ಅಟ್ಟೆಯಾಯಿತು. ಬಿಡಿ ಅರಳೆ, ಆಸ್ತಿ ಪಾಲಾದ ದಿನ ಮುನಿಸಿಕೊಂಡ ದಾಯಾದಿಯ ಹಾಗೆ, ಒಂದು ಮೂಲೆಗೆ ಹೋಗಿ ಗಂಟಾಗಿ ಕುಳಿತಿತು. ಪಾಲಿಯೆಸ್ಟರ್ ಬೇಗ ಒಣಗಿತು ನಿಜ. ಆದರೆ ಹನಿ ನೀರು ಹೀರಲಿಲ್ಲ, ಕೆನ್ನೆಗಿಟ್ಟರೆ ಬೆವರು ಕಿತ್ತುಕೊಂಡು ಬಂತು, ಮೇಲಾಗಿ ಬಟ್ಟೆಯ ನೇಯ್ಗೆಯ ಸಂದಿನಿಂದ ಎಳೆ ಹೊರಬಂದು ಬಿಳಿ ಗಡ್ಡ ಬಿಟ್ಟಿತ್ತು. ಒತ್ತಿ ಹಾಳೆ ಮಾಡಿದ ಹತ್ತಿ ಮಾತ್ರ ಒಂದಿಷ್ಟು ಕುಗ್ಗಿ, ಸುಕ್ಕುಗಟ್ಟಿ, ಮೊದಲಿಗಿಂತ ಮೆತ್ತಗಾಗಿತ್ತು.

ನಾಲ್ಕನ್ನೂ ಒಯ್ದು ಅಕ್ಕನ ಮಗನ ಮುಂದಿಟ್ಟಳು. ಅವನು ಉಣ್ಣೆಯ ಅಟ್ಟೆಯನ್ನು ತಿರುಗಿಸಿ ನೋಡಿದ.

"ಒಗೆದ್ರೆ ತಾನೆ ಹೀಗಾಗೋದು? ಒಗೆಯೋದೇ ಬೇಡ. ಗಾಜು ಹಾಕಿಸಿ ಹಾಲ್‌ನಲ್ಲಿ ತೂಗುಹಾಕ್ತೀವಿ. ಚೌಕಟ್ಟಿಗೆ ಅಳತೆ ಕೊಟ್ಟಾಯ್ತು."

ಅಕ್ಕನನ್ನು ಎರಡನೆಯ ಸಲ ಹೂಳುತ್ತಿದ್ದಾರೆ, ಈ ಸಲ ಗೋಡೆಯಲ್ಲಿ, ಎಂದು ಚಿಕ್ಕಮ್ಮನಿಗೆ ಅನ್ನಿಸಿತು. ಆದರೂ ದನಿ ಏರಿಸಲಿಲ್ಲ.

"ಆಗ್ಲಪ್ಪ. ಒಳಗೆ ಏನು ಹಾಕೋದು ಅನ್ನೋದು ನಂಗೆ ಬಿಡು."

"ಗಾಜಿನ ಹಿಂದೆ ಯಾರು ನೋಡ್ತಾರೆ, ಏನಾದ್ರೂ ಹಾಕಿ."

ಹತ್ತಿ ಹಾಳೆಯನ್ನು ಹೊಲಿಯುವ ಮೊದಲೇ ನೆನೆಸಿ ಕುಗ್ಗಿಸಿಕೊಳ್ಳುವವರಿದ್ದಾರೆ. ಅಕ್ಕ ಹಾಗೆ ಮಾಡುತ್ತಿರಲಿಲ್ಲ. ಹಾಳೆಯನ್ನು ನೆನೆಸದೆ ಹಾಗೆಯೇ ಇಟ್ಟು, ನಾಲ್ಕು ಬೆರಳಿಗೊಂದು ಹೊಲಿಗೆಯ ಸಾಲು ಓಡಿಸಿ, ಆಮೇಲೆ ಒಗೆಯುತ್ತಿದ್ದಳು. ಒಳಗಿನ ಹತ್ತಿ ಕುಗ್ಗಿದಂತೆ ಮೇಲ್ಬಟ್ಟೆ ಸುಕ್ಕಾಗಿ ಅದನ್ನು ಹಿಡಿದುಕೊಳ್ಳುತ್ತಿತ್ತು. ಅಕ್ಕನ ಕೌದಿಯಲ್ಲಿ ಹತ್ತಿ ಗಂಟು ಕಟ್ಟಿದ್ದನ್ನು ಚಿಕ್ಕಮ್ಮ ಕಂಡಿರಲಿಲ್ಲ. ಈಗಲೂ ಹಾಗೇ ಹೊಲಿದಳು. ಪ್ರತಿ ಸಾಲಿಗೂ ದೇವರ ಹೆಸರು ಹೇಳಿಕೊಂಡಳು. ನಡುನಡುವೆ ಅಕ್ಕನ ಮಗನಿಗೂ ನಾಲ್ಕು ಮಾತು ಸಂದವು. ದೇವರು ಎರಡನ್ನೂ ಕೇಳಿಸಿಕೊಂಡಿರಬೇಕು. ಕೊನೆಗೆ ಬಿಸಿನೀರಿನಲ್ಲಿ ಚೆನ್ನಾಗಿ ಒಗೆದು ಒಣಗಿಸಿದಳು.

ಚೌಕಟ್ಟಿನವನು ಬಂದ ದಿನ ಮಡಿಕೆ ಬಿಚ್ಚಿದಳು. ಕೌದಿ ಕೊಟ್ಟ ಅಳತೆಗಿಂತ ಎಲ್ಲ ಕಡೆಯಿಂದಲೂ ಮೂರು ಬೆರಳು ಕುಗ್ಗಿತ್ತು. ಮೈತುಂಬ ಸುಕ್ಕು.

"ಏನ್ ಚಿಕ್ಕಮ್ಮ ಇದು, ಮುದುಕಿ ಮುಖ ಆಗಿದೆ."

"ಮುದುಕಿ ಹೊಲಿದದ್ದಲ್ವೇನೋ."

"ಇದನ್ನ ಹಾಲ್‌ನಲ್ಲಾ?" ಅವನ ಹೆಂಡತಿ ಪಿಸುಗುಟ್ಟಿದಳು. "ಇಸ್ತ್ರಿ ಕೂಡ ಮಾಡಿಲ್ಲ ಅಂದ್ಕೊಳ್ತಾರೆ ರೀ."

ಮಗ ಸುಕ್ಕನ್ನು ಕೈಯಿಂದ ನೀವಿ ನೋಡಿದ. ಅದು ಮತ್ತೆ ಎದ್ದು ಕುಳಿತಿತು. ತಾಯಿಯ ಮೇಲಿನ ಭಕ್ತಿ ಅಲ್ಲಿಗೆ ಮುಗಿಯಿತು. "ಚೌಕಟ್ಟಿಗೆ ಬೇರೆ ಏನಾದ್ರೂ ಹಾಕೋಣ ಬಿಡು" ಎಂದ.

ಮೊಮ್ಮಗಳು ಯಾರನ್ನೂ ಕೇಳದೆ ಕೌದಿ ಎತ್ತಿಕೊಂಡು ಹೋಗಿ ಕೂಸನ್ನು ಅದರ ಮೇಲೆ ಮಲಗಿಸಿದಳು. ಕೂಸು ತಡ ಮಾಡಲಿಲ್ಲ. ಚೌಕಟ್ಟಿನವನು ಮೆಟ್ಟಿಲಿಳಿಯುವಷ್ಟರಲ್ಲಿ ತನ್ನ ಕೆಲಸ ಮುಗಿಸಿತ್ತು.

"ಚಿಕ್ಕಜ್ಜಿ, ಇದನ್ನ ಹೇಗೆ ಒಗೀಬೇಕು?"

ಆ ಮನೆಯಲ್ಲಿ ಈ ಪ್ರಶ್ನೆ ಕೇಳಿದವಳು ಇವಳೇ ಮೊದಲು. ಚಿಕ್ಕಮ್ಮ ಅವಳನ್ನು ನಲ್ಲಿಯ ಬಳಿಗೆ ಕರೆದೊಯ್ದಳು.

"ಹಿಂಡ್ಬೇಡ, ಒತ್ತು. ಹಾಂ, ಹಾಗೆ. ನೀರು ತಾನೇ ಬಿಟ್ಕೊಳ್ಳುತ್ತೆ."

ಒತ್ತುತ್ತಿದ್ದ ಎಳೆಯ ಕೈಗಳನ್ನು ನೋಡಿ ಚಿಕ್ಕಮ್ಮ ಕಣ್ಣು ಮುಚ್ಚಿದಳು. ಇಷ್ಟು ದಿನ ತಡೆದಿದ್ದ ಅಳು ಈಗ ಬಂತು.

ದೇವರೇ, ಜೀವಮಾನವೆಲ್ಲ ಇನ್ನೊಬ್ಬರ ಒದ್ದೆ ಎತ್ತಿದವಳು ಅವಳು. ದಣಿದು ಬಂದಿದ್ದಾಳೆ. ಏನೂ ಕೇಳದೆ ಒಳಗೆ ಕರೆದುಕೋ. ಬೆಚ್ಚನೆಯ ಜಾಗ ಕೊಟ್ಟು ಮಲಗಿಸು, ಯಾರ ಕೂಗಿಗೂ ಏಳಿಸಬೇಡ. ನನ್ನ ಅಕ್ಕನಿಗೆ ಶಾಂತಿ ಕೊಡು.