ಕೈಜಾರಿದ ಗೀರು

2011ರ ಅಕ್ಟೋಬರ್ 8, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಭಾವನ ಕೋಣೆಯಲ್ಲಿ, ಮೇಜಿಗೆ ಬಿಗಿದ ವೈಸ್‌ನ ದವಡೆಯಲ್ಲಿ, ಗಾಳಕ್ಕೆ ಸೀಸ ಹೊಯ್ಯುವ ಅಚ್ಚು ಇನ್ನೂ ಹಾಗೇ ಕಚ್ಚಿಕೊಂಡಿತ್ತು. ಹೋದ ಚಳಿಗಾಲದಲ್ಲಿ ಅವರು ಮೀನು ಹಿಡಿಯಲು ಹಿನ್ನೀರಿಗೆ ಹೊರಟ ದಿನ ಹೇಗೆ ಬಿಟ್ಟಿದ್ದರೋ ಹಾಗೆ. ಅವರ ದೋಣಿ ತೇಲಿಕೊಂಡು ಸಿಕ್ಕಿತು, ಅವರು ಸಿಗಲಿಲ್ಲ. ಮುಳುಗುಗಾರರು ದೋಣಿ ಸಿಕ್ಕ ಜಾಗದ ಸುತ್ತ ತಳವನ್ನೆಲ್ಲ ತಡಕಾಡಿ ಕೈಚೆಲ್ಲಿದರು. ಅಂದಿನಿಂದ ಅಕ್ಕ ಮುಂಬಾಗಿಲಿಗೆ ಚಿಲಕ ಹಾಕಿದ್ದನ್ನು ನಾನು ಕಂಡಿಲ್ಲ.

“ಎಲ್ಲಿದ್ದಾರೆ ಅಂತ ಗೊತ್ತಾದ್ರೆ ಸಾಕು ಕಣೇ,” ಅಂದಳು ಅಕ್ಕ. “ಅಳೋದನ್ನ ಒಂದೇ ಸಲ ಅತ್ತು ಮುಗಿಸ್ತೀನಿ. ಈ ಅಚ್ಚು ಸರಿಮಾಡಿ ಒಂದು ಜಿಗ್ ಹೊಯ್ದು ಕೊಡು. ದೋಣಿ ಸಿಕ್ಕಿತಲ್ಲ, ಅಲ್ಲೇ ಬಿಟ್ಟು ನೋಡ್ತೀನಿ. ಅವರದ್ದು ಹೋದ ಕಡೆಗೇ ಇದೂ ಹೋಗಲಿ.”

“ಅವರ ಹತ್ರ ಜಿಗ್ಗೇ ಇರ್ಲಿಲ್ವಲ್ಲ ಅಕ್ಕ. ಬರೀ ಕೊಕ್ಕೆ ತಗೊಂಡು ಹೋಗಿದ್ದು ತಾನೇ?”

“ಹೌದು. ಅಚ್ಚು ಮುಗೀತಾ ಅಂತ ಬಾಗಿಲಲ್ಲಿ ಕೇಳಿದೆ. ‘ನಿನ್ನ ತಂಗಿ ಮುಗಿಸ್ತಾಳೆ’ ಅಂದು ನಕ್ಕೊಂಡು ಹೋದ್ರು.”

ಅದು ಭಾವನ ಮಾಮೂಲಿ ಕುಚೋದ್ಯ. ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಮನೆಗೆ ಬಂದಾಗಲೆಲ್ಲ, “ಮೇಡಂನೋರು ಬಂದ್ರು, ಉಪ್ಪನ್ನ ತಕ್ಕಡೀಲಿ ತೂಗಿ ಬಡಿಸು” ಎನ್ನುತ್ತಿದ್ದರು. ಆದರೂ ಅವರ ಅರ, ಅವರ ಸೌಟು ಮುಟ್ಟಲು ಬಿಡುತ್ತಿದ್ದುದು ನನಗೊಬ್ಬಳಿಗೇ.

ಕೊಕ್ಕೆಯ ಕುತ್ತಿಗೆಗೆ ಸೀಸದ ತಲೆ ಹೊಯ್ದರೆ ಅದೇ ಜಿಗ್. ಅಚ್ಚು ಅಲ್ಯೂಮಿನಿಯಂನ ಎರಡು ಹಲಗೆ, ಪುಸ್ತಕದಂತೆ ತೆರೆದು ಮುಚ್ಚುತ್ತದೆ. ಒಳಗೆ ತಲೆಗೊಂದು ಗುಳಿ, ಕೊಕ್ಕೆ ಮಲಗಲು ಒಂದು ಸಣ್ಣ ಕಾಲುವೆ. ಭಾವ ಹೊಸದಾಗಿ ತರಿಸಿದ ಕೊಕ್ಕೆಗಳ ತಂತಿ ದಪ್ಪ, ದಾರ ಕಟ್ಟುವ ಕಣ್ಣನ್ನು ಅವರು ಇಕ್ಕಳದಿಂದ ಪಕ್ಕಕ್ಕೆ ಬಗ್ಗಿಸಿದ್ದರು. ಹಳೆಯ ಕಾಲುವೆಯಲ್ಲಿ ಅದು ಕೂರುತ್ತಿರಲಿಲ್ಲ. ಅಗಲಿಸಲು ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದರು. ಡಬ್ಬಿಯಲ್ಲಿ ಉಳಿದಿದ್ದ ಕೊಕ್ಕೆಯೊಂದನ್ನು ಇಟ್ಟು ಮುಚ್ಚಿ ನೋಡಿದೆ. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ. ಸೀಸ ಹೊಯ್ದರೆ ಅಷ್ಟೂ ಹೊರಗೆ ಸೋರುತ್ತಿತ್ತು.

ಕೆಲಸದ ವರಸೆ ಭಾವ ಕಲಿಸಿದ್ದೇ. ಮೇಣದಬತ್ತಿಯ ಜ್ವಾಲೆಗೆ ಕೊಕ್ಕೆ ಹಿಡಿದು ಮಸಿ ಕಟ್ಟಿಸಬೇಕು. ಅಚ್ಚಿನೊಳಗಿಟ್ಟು ಮುಚ್ಚಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ತೆರೆದಾಗ ಎಲ್ಲಿ ಕಪ್ಪು ಅಂಟಿದೆಯೋ ಅಲ್ಲಿ ಮಾತ್ರ ಅರ ಆಡಿಸಬೇಕು. ಮತ್ತೆ ಮಸಿ, ಮತ್ತೆ ಮುಚ್ಚು. ಆತುರಪಟ್ಟು ಹೆಚ್ಚು ತೆಗೆದರೆ ಕೊಕ್ಕೆ ಒಳಗೆ ಕುಣಿಯುತ್ತದೆ, ಅಚ್ಚು ಕೆಟ್ಟಿತೆಂದೇ ಲೆಕ್ಕ.

ಸಂದಿ ಕೂದಲೆಳೆಯಷ್ಟಾಗಿತ್ತು. ಮಸಿ ಅಂಟಿದ್ದು ಕಣ್ಣಿನ ಕೆಳಗೆ ಒಂದೇ ಕಡೆ. ಅರದ ಚೂಪು ತುದಿಯನ್ನು ಅಲ್ಲಿ ಊರಿದೆ. ಯಾರೋ ನನ್ನ ಮೊಣಕೈ ತಟ್ಟಿದಂತಾಯಿತು. ತುದಿ ಕಾಲುವೆಯಿಂದ ಜಾರಿ, ತಲೆಯ ಗುಳಿಯೊಳಗೆ ಓರೆಯಾಗಿ ಗೀರಿತು. ಅಕ್ಕ ಕಿಟಕಿಯ ಬಳಿ ಇದ್ದಳು, ನನ್ನಿಂದ ಎರಡು ಮಾರು ದೂರ.

“ಏನಾಯ್ತೇ?”

“ಕೈ ಜಾರ್ತು. ಇನ್ಮೇಲೆ ಇದರಲ್ಲಿ ಹೊಯ್ದ ತಲೆಗೆಲ್ಲ ಒಂದು ಉಬ್ಬು ಗೆರೆ ಬರುತ್ತೆ.”

“ಬರ್ಲಿ ಬಿಡು. ಮೀನು ಭೂತಗನ್ನಡಿ ಹಿಡ್ಕೊಂಡು ನೋಡುತ್ತಾ?”

ಉಳಿದ ಕಪ್ಪನ್ನೂ ಅರದಿಂದ ತೆಗೆದ ಮೇಲೆ ಅಚ್ಚು ಪೂರ್ತಿ ಮುಚ್ಚಿತು. ಸೀಸ ಕರಗಿಸಿ ಒಂದೇ ಒಂದು ಜಿಗ್ ಹೊಯ್ದೆ. ಆರಿದ ಮೇಲೆ ನೋಡಿದರೆ ತಲೆಯ ಎಡಗಡೆ ಗೆರೆ ಎದ್ದು ಕಾಣುತ್ತಿತ್ತು, ಗಾಯ ಮಾಗಿದ ಕಲೆಯ ಹಾಗೆ.

ಮಧ್ಯಾಹ್ನ ನಮ್ಮನ್ನು ಕರೆದೊಯ್ದವನು ಮೀಸೆ. ಭಾವನ ಖಾಲಿ ದೋಣಿಯನ್ನು ಮೊದಲು ಕಂಡ ಅಂಬಿಗ. ಮೀಸೆ ಬೋಳಿಸಿ ಎಷ್ಟೋ ವರ್ಷವಾದರೂ ಹೆಸರು ಮಾತ್ರ ಮುಖಕ್ಕೆ ಅಂಟಿಕೊಂಡಿತ್ತು. ಜಾಗಕ್ಕೆ ಬಂದಾಗ ಹುಟ್ಟು ಮೇಲೆತ್ತಿ, “ಇಲ್ಲೇ ಅಕ್ಕಾವ್ರೇ. ಗಾಳಿಯಿಲ್ಲ, ಅಲೆಯಿಲ್ಲ, ಆದ್ರೂ ಸುಮ್ನೆ ತಿರುಗ್ತಾ ಇತ್ತು ದೋಣಿ” ಎಂದ.

ಅಕ್ಕ ದಾರವನ್ನು ಬರಿಗೈಯಲ್ಲೇ ಇಳಿಬಿಟ್ಟಳು. ನೀರು ಚಹಾದ ಬಣ್ಣಕ್ಕಿತ್ತು. ಜಿಗ್ ತಳ ಮುಟ್ಟಿದ್ದು ನನಗೂ ತಿಳಿಯಿತು, ದಾರ ಸಡಿಲವಾಯಿತು. ಮರುಕ್ಷಣವೇ ಬಿಗಿಯಾಯಿತು.

“ಏನೋ ಕಚ್ಚಿದೆ,” ಅಂದ ಮೀಸೆ.

“ಕಚ್ಚಿಲ್ಲ. ಹಿಡ್ಕೊಂಡಿದೆ,” ಅಂದಳು ಅಕ್ಕ.

ಎಳೆದಾಗ ಮೇಲೆ ಬಂದದ್ದು ನಮ್ಮ ಜಿಗ್ಗಿಗೆ ಸಿಕ್ಕಿಕೊಂಡ ಮತ್ತೊಂದು ದಾರ. ಅದರ ಒಂದು ತುದಿ ಪೂರ್ವಕ್ಕೆ, ಮುಳುಗಿದ ಮರಗಳ ಬೊಡ್ಡೆಗಳತ್ತ ಸೆಟೆದು ನಿಂತಿತ್ತು. ಮುಳುಗುಗಾರರು ಅಷ್ಟು ದೂರ ಹುಡುಕಿರಲಿಲ್ಲ. ಇನ್ನೊಂದು ತುದಿ ಹಗುರಾಗಿ ಕೈಗೆ ಬಂತು. ಅದರಲ್ಲೊಂದು ಜಿಗ್ ಇತ್ತು. ಕಣ್ಣು ಪಕ್ಕಕ್ಕೆ ಬಗ್ಗಿದ ಕೊಕ್ಕೆ. ಸೀಸದ ಮೇಲೆ ಬಹುಕಾಲ ನೀರಲ್ಲಿದ್ದ ಬಿಳಿ ಪುಡಿ.

“ಅವರದ್ದೇ,” ಅಂದಳು ಅಕ್ಕ. ಸೀಸದ ತಲೆ ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ಅವಳ ಕಣ್ಣು ಸೆಟೆದ ದಾರದ ಮೇಲಿತ್ತು. ಮೀಸೆ ಆ ಜಿಗ್ಗನ್ನು ದಾರದಿಂದ ಕತ್ತರಿಸಿ ನನ್ನ ಕೈಗೆ ಕೊಟ್ಟು, ದಾರಕ್ಕೆ ಖಾಲಿ ಕ್ಯಾನ್ ಕಟ್ಟಿ ತೇಲಿಬಿಟ್ಟ. ನಾನು ಬಿಳಿ ಪುಡಿಯನ್ನು ಹೆಬ್ಬೆರಳಿನಿಂದ ಉಜ್ಜಿದೆ. ಎಡಗಡೆ ಉಗುರಿಗೆ ಏನೋ ತೊಡರಿತು. ತಕ್ಷಣ ಜೇಬಿಗೆ ಹಾಕಿಕೊಂಡೆ.

ಮರುದಿನ ಮುಳುಗುಗಾರರು ದಾರ ಹಿಡಿದೇ ಇಳಿದರು. ಭಾವ ಎರಡು ಬೊಡ್ಡೆಗಳ ನಡುವೆ ಸಿಕ್ಕಿದರು. ದಾರ ಅವರ ಮಣಿಕಟ್ಟಿಗೆ ಸುತ್ತಿಕೊಂಡಿತ್ತು. ಅಕ್ಕ ಹೇಳಿದಂತೆಯೇ ಒಂದೇ ಸಲ ಅತ್ತಳು. ಸಂಜೆ ಅವಳು ಮುಂಬಾಗಿಲಿಗೆ ಚಿಲಕ ಹಾಕಿದ ಸದ್ದು ಕೇಳಿದ ಮೇಲೆಯೇ ನಾನು ಭಾವನ ಕೋಣೆಗೆ ಹೋದದ್ದು.

ಅವರ ಬಳಿ ಬೇರೆ ಅಚ್ಚಿರಲಿಲ್ಲ. ಈ ಅಚ್ಚು ಶನಿವಾರದ ತನಕ ಆ ಕೊಕ್ಕೆಯ ಮೇಲೆ ಮುಚ್ಚುತ್ತಲೂ ಇರಲಿಲ್ಲ. ನೀರಿನಿಂದ ಬಂದ ಜಿಗ್ಗನ್ನು ಬ್ರಷ್‌ನಿಂದ ಉಜ್ಜಿ ಗುಳಿಯಲ್ಲಿಟ್ಟೆ. ಚೂರೂ ಅಲುಗದೆ ಕೂತಿತು. ಹಲಗೆ ಮುಚ್ಚಿದೆ, ಸಂದಿಯಿಲ್ಲದೆ ಮುಚ್ಚಿತು.

“ಏನ್ ಮಾಡ್ತಿದೀಯೇ ಅಲ್ಲಿ?” ಅಕ್ಕ ಒಳಗಿನಿಂದ ಕೇಳಿದಳು.

“ಏನಿಲ್ಲಕ್ಕ. ಅಳೀತಿದೀನಿ.”

“ನಿನ್ನ ಹಣೇಬರಹ. ಅಳೆದಾದ್ಮೇಲೆ ದೀಪ ಆರಿಸಿ ಬಾ.”

ಎರಡೂ ಜಿಗ್ಗುಗಳನ್ನು ಪಕ್ಕಪಕ್ಕ ಇಟ್ಟು, ವರ್ನಿಯರ್ ಕ್ಯಾಲಿಪರ್ ಹಿಡಿದು ಮೂರು ಮೂರು ಸಲ ನೋಡಿದೆ. ನಾನು ಹೊಯ್ದದ್ದರ ಮೇಲಿನ ಗೆರೆಯ ಉದ್ದ 6.4 ಮಿಲಿಮೀಟರ್. ಭಾವನದ್ದರ ಮೇಲಿನ ಗೆರೆಯ ಉದ್ದ 6.4 ಮಿಲಿಮೀಟರ್.